ರಂಗನತಿಟ್ಟಿನ ದೋಣಿಯೂ ಕ್ಯಾಮೆರಾದ ಗುಂಡಿಗಳೂ

ಮೈಸೂರಿಗೆ ಉತ್ತರದಲ್ಲಿ ಸುಮಾರು ೧೬ ಕಿಲೋಮೀಟರು ದೂರದಲ್ಲಿ, ಶ್ರೀರಂಗಪಟ್ಟಣಕ್ಕೆ ಸಮೀಪವಾಗಿ, ಕಾವೇರಿಯ ನಡುವೆ ಹರಡಿಕೊಂಡಿರುವ ಸಣ್ಣ ನಡುಗಡ್ಡೆಗಳಿಗೆ ರಂಗನತಿಟ್ಟು ಎಂದು ಹೆಸರು. ಹದಿನೇಳನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ನದಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯಿಂದ ಈ ತಿಟ್ಟುಗಳು ಉಂಟಾದುವೆಂದು ಹೇಳುವರು. ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರ ಸಲಹೆಯ ಮೇರೆಗೆ ೧೯೪೦ರಲ್ಲಿ ಮೈಸೂರು ಸಂಸ್ಥಾನದವರು ಇದನ್ನು ಪಕ್ಷಿಧಾಮವೆಂದು ಸಾರಿದರು. ೨೦೨೨ರಲ್ಲಿ ಇದು ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಇವೆಲ್ಲ ಬಹುಮಂದಿ ವಾಚಕರಿಗೆ ತಿಳಿದ ಸಂಗತಿಗಳೇ. ನಾವು ಇಂದು ಬರೆಯಹೊರಟಿರುವುದು ಅಲ್ಲಿಯ ದೋಣಿಯಲ್ಲಿ ಕ್ಯಾಮೆರಾ ಹಿಡಿದು ಕುಳಿತವರ ಕೈಬೆರಳುಗಳನ್ನು ಕುರಿತು.

ಕಳೆದ ಫಾಲ್ಗುಣ ಮಾಸದಲ್ಲಿ ನಾವು ಅಲ್ಲಿಗೆ ಸಕುಟುಂಬವಾಗಿ ಹೋದೆವು. ಜೊತೆಯಲ್ಲಿ ನಮ್ಮ ಭಾವಮೈದುನರಿದ್ದರು. ಇವರು ಬ್ಯಾಂಕಿನ ಕೆಲಸದಿಂದ ನಿವೃತ್ತರು. ಹಕ್ಕಿಗಳ ಚಿತ್ರ ತೆಗೆಯುವುದೇ ಇವರ ಇಳಿವಯಸ್ಸಿನ ಸಂತೋಷ. ಎರಡು ವರುಷದ ಹಿಂದಿನ ಒಂದು ಕಾಯಿಲೆಯಿಂದ ಇವರ ಬಲಗೈ ಹೆಬ್ಬೆರಳಿನ ಕಸುವು ಹೊರಟುಹೋಯಿತು. ಕ್ಯಾಮೆರಾದ ಬೆನ್ನಿನಲ್ಲಿರುವ ಗುಂಡಿಗಳೆಲ್ಲ ಹೆಬ್ಬೆರಳಿನ ಪಾಲಿನವು. “ಇನ್ನು ಇದನ್ನು ಮಾರಿಬಿಡುವುದೇ ಸರಿ, ಭಾವ” ಎಂದು ಅವರು ಕಾರ್ತಿಕದಲ್ಲೊಮ್ಮೆ ಹೇಳಿದ್ದು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ಇಲ್ಲಿ ಕಷ್ಟವೆಲ್ಲಿದೆಯೆಂಬುದನ್ನು ಕೊಂಚ ಬಿಡಿಸಿ ಹೇಳಬೇಕು. ತಾನಾಗಿಯೇ ಫೋಕಸ್ ಮಾಡುವ ಶಕ್ತಿಯು ಎಸ್ಎಲ್ಆರ್ ಕ್ಯಾಮೆರಾದ ಒಡಲಿಗೇ ಸೇರಿ ಜನಪ್ರಿಯವಾದುದು ೧೯೮೫ರಲ್ಲಿ, ಮಿನೋಲ್ಟಾ ೭೦೦೦ ಎಂಬ ಯಂತ್ರದಿಂದ. ಈ ಆಟೋಫೋಕಸ್‌ನಲ್ಲಿ ಎರಡು ಬಗೆಗಳುಂಟು. ಒಂದು, ಕುಳಿತ ವಸ್ತುವಿನ ಮೇಲೆ ದೃಷ್ಟಿಯನ್ನು ಒಮ್ಮೆ ನಿಲ್ಲಿಸಿ ಸುಮ್ಮನಾಗುವುದು. ಇನ್ನೊಂದು, ಚಲಿಸುವ ವಸ್ತುವನ್ನು ಎಡೆಬಿಡದೆ ಹಿಂಬಾಲಿಸುವುದು. ಇದಲ್ಲದೆ, ಚಿತ್ರದ ಚೌಕಟ್ಟಿನಲ್ಲಿ ಯಾವೆಡೆಯನ್ನು ನೋಡಬೇಕೆಂಬುದರಲ್ಲಿಯೂ ಭೇದವುಂಟು. ಮುಳ್ಳುಕೊಂಬೆಗಳ ಹಿಂದೆ ಗೂಡಿನಲ್ಲಿ ಕುಳಿತ ಬಣ್ಣದ ಕೊಕ್ಕರೆಗೆ ಸಾಸಿವೆಯಷ್ಟು ಸಣ್ಣ ಒಂದೇ ಬಿಂದು ಬೇಕು. ಇಲ್ಲವಾದರೆ ಯಂತ್ರವು ಮುಂದಿನ ಕಡ್ಡಿಯನ್ನು ಹಿಡಿದು, ಹಕ್ಕಿಯನ್ನು ಮಸುಕು ಮಾಡುವುದು. ಬಯಲಾಕಾಶದಲ್ಲಿ ಸುಳಿಯುವ ನದಿ ರೀವಕ್ಕೋ, ಬಿಂದುಗಳ ದೊಡ್ಡ ಗುಂಪೇ ಬೇಕು; ಒಂದು ಬಿಂದುವಿನಿಂದ ಅದನ್ನು ಹಿಡಿಯಹೊರಡುವುದು ಸೂಜಿಯಿಂದ ಸೊಳ್ಳೆಯನ್ನು ಚುಚ್ಚಹೊರಟಂತೆ.

ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗುಂಡಿಯೊತ್ತಿ ಚಕ್ರ ತಿರುಗಿಸಬೇಕು, ಅಥವಾ ಮೆನುವಿನ ಪಟ್ಟಿಯೊಳಗೆ ಇಳಿಯಬೇಕು. ಕಣ್ಣು ಹಕ್ಕಿಯನ್ನು ಬಿಟ್ಟು ಯಂತ್ರಕ್ಕೆ ಬರುವುದು. ರಂಗನತಿಟ್ಟಿನಲ್ಲಾದರೋ ಈ ಎರಡು ಬಗೆಯ ಹಕ್ಕಿಗಳೂ ಒಂದೇ ಬಂಡೆಯ ಸುತ್ತ ಇರುವುವು. ದೋಣಿಯೂ ನಿಲ್ಲದು.

ಇದಕ್ಕೆ ಪರಿಹಾರವು ಯಂತ್ರದಲ್ಲಿಯೇ ಇದೆ. ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂಬುದನ್ನು ನಾವೇ ನೇಮಿಸಬಹುದು. ಷಟರ್ ಗುಂಡಿಯಿಂದ ಫೋಕಸ್ಸನ್ನು ಬೇರ್ಪಡಿಸಿ ಬೆನ್ನಿನ ಗುಂಡಿಯೊಂದಕ್ಕೆ ಒಪ್ಪಿಸುವ ಕ್ರಮವನ್ನು ಕ್ಯಾನನ್ ಕಂಪನಿಯವರು ೧೯೮೯ರಲ್ಲಿಯೇ ತಮ್ಮ ಇಒಎಸ್ ೬೩೦ರಲ್ಲಿ ತಂದರು. ಹೆಬ್ಬೆರಳು ಒತ್ತಿರುವಷ್ಟು ಹೊತ್ತು ಯಂತ್ರವು ಹಕ್ಕಿಯನ್ನು ಹಿಂಬಾಲಿಸುವುದು. ಬೆರಳೆತ್ತಿದರೆ ದೃಷ್ಟಿ ಅಲ್ಲಿಯೇ ನಿಲ್ಲುವುದು. ಎರಡು ಬಗೆಯ ಕೆಲಸವೂ ಒಂದೇ ಗುಂಡಿಯಿಂದ ಆದಂತಾಯಿತು. ಪಕ್ಷಿಚಿತ್ರಕಾರರಲ್ಲಿ ಬಹುಮಂದಿ ಹಿಡಿದಿರುವ ಮಾರ್ಗವಿದು. ಆದರೆ ಹೆಬ್ಬೆರಳಿಲ್ಲದವರಿಗೆ?

ನಮ್ಮ ಭಾವಮೈದುನರದು ೨೦೧೬ರಲ್ಲಿ ಹೊರಬಂದ ನಿಕಾನ್ ಡಿ೫೦೦. ಅದರ ಮುಂಭಾಗದಲ್ಲಿ, ಲೆನ್ಸಿಗೂ ಹಿಡಿಕೆಗೂ ನಡುವೆ, ಬಲಗೈಯ ಉಂಗುರಬೆರಳಿಗೆ ತಾನಾಗಿ ಸಿಕ್ಕುವ ಗುಂಡಿಯೊಂದಿದೆ. ಅವರು ಹಬ್ಬದ ರಜೆಗೆ ಬಂದ ಮಗಳ ಕೈಯಲ್ಲಿ ಕೈಪಿಡಿಯನ್ನು ಓದಿಸಿಕೊಂಡು ಹೀಗೆ ಏರ್ಪಡಿಸಿದರು: ಯಂತ್ರವು ಸದಾ ಹಿಂಬಾಲಿಸುವ ಬಗೆಯಲ್ಲಿಯೇ ಇರತಕ್ಕದ್ದು, ಸಾಮಾನ್ಯವಾಗಿ ಬಿಂದುಗಳ ಗುಂಪು, ಉಂಗುರಬೆರಳು ಆ ಗುಂಡಿಯನ್ನು ಒತ್ತಿ ಹಿಡಿದಾಗ ಮಾತ್ರ ಒಂದೇ ಬಿಂದು. ಬೆರಳು ಬಿಟ್ಟೊಡನೆ ಮತ್ತೆ ಗುಂಪು. ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಉತ್ಸರ್ಗವೆಂಬುದು ಎಲ್ಲೆಡೆಯೂ ಪ್ರವರ್ತಿಸುವ ಸಾಮಾನ್ಯ ವಿಧಿ. ಅಪವಾದವು ತನ್ನ ಎಡೆಯಲ್ಲಿ ಮಾತ್ರ ಅದನ್ನು ಬಾಧಿಸುವುದು. ಪಾಣಿನಿಯ ಶಿಷ್ಯರು ಕ್ಯಾಮೆರಾ ಮಾಡಿದ್ದರೂ ಹೀಗೆಯೇ ಮಾಡುತ್ತಿದ್ದರೇನೋ! ನಮ್ಮ ಮನೆಯವರು ಇದನ್ನು ಕೇಳಿ, “ಅಯ್ಯೋ ತಮ್ಮಾ, ಇದಕ್ಕೆ ಇಷ್ಟೆಲ್ಲ ಮಾತೇಕೋ? ಒಗ್ಗರಣೆಗೆ ಎಣ್ಣೆ ಕಾದಮೇಲೆ ಸಾಸಿವೆ ಎಲ್ಲಿದೆ ಅಂತ ಯಾರಾದರೂ ಹುಡುಕುತ್ತಾರೆಯೇ?” ಎಂದರು. ನಮ್ಮ ವಿವರಣೆಗಿಂತ ಅದು ಚೆನ್ನಾಗಿತ್ತು.

ದೋಣಿಯು ಹುಟ್ಟಿನ ಸದ್ದೂ ಕೇಳಿಸದಂತೆ ಬಿದಿರುಮೆಳೆಗಳ ನೆರಳಿನಲ್ಲಿ ಸಾಗುತ್ತಿತ್ತು. ಬಂಡೆಯ ಮೇಲೆ ಮೊಸಳೆಯೊಂದು ಬಾಯ್ದೆರೆದು ಬಿಸಿಲು ಕಾಯುತ್ತಿದ್ದಿತು. ಗೂಡಿನಲ್ಲಿ ಬಣ್ಣದ ಕೊಕ್ಕರೆಯೊಂದು ರೆಕ್ಕೆಯನ್ನು ಅರೆಬಿಚ್ಚಿ ತನ್ನ ಮರಿಗಳಿಗೆ ಕೊಡೆಯಾಗಿ ನಿಂತಿದ್ದಿತು. ಭಾವಮೈದುನರ ಉಂಗುರಬೆರಳು ಮೆಲ್ಲನೆ ಬಾಗಿತು, ನಾಲ್ಕಾರು ಚಿತ್ರಗಳಾದುವು. ಅಷ್ಟರಲ್ಲಿ ನದಿ ರೀವವೊಂದು ನಮ್ಮ ತಲೆಯ ಮೇಲೆ ಹಾದು, ತಟ್ಟನೆ ನೀರಿಗೆ ಎರಗಿತು. ಬೆರಳು ಸಡಿಲಿತು, ಕ್ಯಾಮೆರಾ ತಿರುಗಿತು. ಅವರ ಕಣ್ಣು ವ್ಯೂಫೈಂಡರನ್ನು ಬಿಡಲಿಲ್ಲ. ನೀರಹನಿಗಳನ್ನು ಚೆಲ್ಲುತ್ತ ಮೀನಿನೊಡನೆ ಮೇಲೇಳುವ ಆ ಹಕ್ಕಿಯ ಚಿತ್ರವು ಈಗ ನಮ್ಮ ಹಜಾರದಲ್ಲಿದೆ.

ಪಕ್ಕದ ದೋಣಿಯಲ್ಲಿದ್ದ ತರುಣರೊಬ್ಬರ ಕ್ಯಾಮೆರಾ ನೋಡಲು ಇನ್ನೂ ಹೊಸದು, ಲೆನ್ಸು ಇನ್ನೂ ಉದ್ದ. ರೀವವು ಎರಗಿದಾಗ ಅವರು ಹಿಂಬದಿಯ ಪರದೆಯಲ್ಲಿ ಮೆನುವನ್ನು ಸರಿಸುತ್ತಿದ್ದರು. ತಲೆಯೆತ್ತುವಾಗ ಆಕಾಶ ಬರಿದಾಗಿತ್ತು. ಆಗ ಅವರು ತಮ್ಮ ದೋಣಿಯವನಿಗೆ, ಗೂಡುಗಳ ಕಡೆ ಕೈತಟ್ಟಿ ಕೊಕ್ಕರೆಗಳನ್ನು ಎಬ್ಬಿಸುವಂತೆ ಹೇಳಿದರು. ದೋಣಿಯವನು ಹುಟ್ಟನ್ನು ನಿಲ್ಲಿಸಿ, “ಆಗಲ್ಲ ಸಾರ್, ಗೂಡಲ್ಲಿ ಮರಿ ಅವೆ. ತಾಯಿ ಎದ್ರೆ ಹದ್ದು ಕಾಯ್ಕೊಂಡಿರ್ತದೆ” ಎಂದನು. ತರುಣರು ಸುಮ್ಮನಾದರು. ಬಿಸಿಲೊಂದೇ ಸಾಕು, ಪುಕ್ಕ ಬಾರದ ಮರಿಗಳನ್ನು ಬಾಡಿಸಲು. ಮನೆಯಲ್ಲಿ ಅರ್ಧಗಂಟೆ ಕುಳಿತು ಗುಂಡಿಗಳನ್ನು ಹೊಂದಿಸಿಕೊಂಡವನಿಗೆ ಇಂಥ ಬೇಡಿಕೆಯ ಅಗತ್ಯವೇ ಬೀಳದೆಂಬುದು ನಮ್ಮ ಅಭಿಪ್ರಾಯ.

೨೦೨೦ರಿಂದೀಚೆಗೆ ಕ್ಯಾನನ್ ಆರ್೫ ಮೊದಲಾದ ಯಂತ್ರಗಳು ಹಕ್ಕಿಯನ್ನು ಗುರುತಿಸಿ ಅದರ ಕಣ್ಣನ್ನೇ ಹಿಡಿಯಬಲ್ಲವು. ದ್ರೋಣರ ಪರೀಕ್ಷೆಯಲ್ಲಿ ಅರ್ಜುನನು ಹಕ್ಕಿಯ ಕಣ್ಣನ್ನು ಮಾತ್ರ ಕಂಡನೆಂದು ಲೋಕರೂಢಿ (ಮೂಲ ಭಾರತದಲ್ಲಿರುವುದು ಕಣ್ಣಲ್ಲ, ತಲೆ!). ಆದರೂ ದಟ್ಟವಾದ ಕೊಂಬೆಗಳ ನಡುವೆ ಈ ಅರ್ಜುನನೂ ಒಮ್ಮೊಮ್ಮೆ ಎಲೆಯನ್ನು ಹಿಡಿಯುವುದುಂಟು. ಆದ್ದರಿಂದ ಕಣ್ಣು ಹುಡುಕುವ ಕೆಲಸವನ್ನು ಒಂದು ಗುಂಡಿಗೂ, ಒಂಟಿ ಬಿಂದುವನ್ನು ಅದರ ಪಕ್ಕದ ಗುಂಡಿಗೂ ವಹಿಸುವವರು ಜಾಣರು. ಇದ್ದಬದ್ದ ಗುಂಡಿಗಳಿಗೆಲ್ಲ ಕೆಲಸ ಹಚ್ಚುವುದನ್ನು ಮಾತ್ರ ನಾವು ಒಪ್ಪೆವು. ಎರಡು ಮೂರನ್ನು ಬೆರಳು ನೆನಪಿಟ್ಟುಕೊಂಡೀತು. ಭಾವಮೈದುನರು ಹದಿನೈದು ದಿನ ತಾರಸಿಯ ಮೇಲೆ ಕಾಗೆ ಪಾರಿವಾಳಗಳನ್ನು ಹಿಡಿದು ಅಭ್ಯಾಸ ಮಾಡಿಯೇ ಕಾವೇರಿಗೆ ಬಂದುದು.

ದಡಕ್ಕೆ ಇಳಿಯುವಾಗ ಅವರು ದೋಣಿಯವನೊಡನೆ ರೀವಗಳ ವಿಷಯವನ್ನೇ ಮಾತನಾಡುತ್ತಿದ್ದರು. ಬೇಸಗೆಯಲ್ಲಿ ನೀರು ತಗ್ಗಿದಾಗ ಅವು ಬಂಡೆಗಳ ಮೇಲೆಯೇ ಮೊಟ್ಟೆಯಿಡುವುವು. ಮಳೆ ಹಿಡಿದು ಕನ್ನಂಬಾಡಿಯಿಂದ ನೀರು ಬಿಟ್ಟರೆ ಬಂಡೆಗಳೂ ಮುಳುಗುವುವು, ದೋಣಿಗಳೂ ನಿಲ್ಲುವುವು. “ಅದಕ್ಕೆ ಮುಂಚೆ, ಚೈತ್ರದಲ್ಲಿ ಇನ್ನೊಮ್ಮೆ ಬರೋಣ, ಭಾವ” ಎಂದರು. ಕ್ಯಾಮೆರಾ ಮಾರುವ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.