ಆರು ಸೊನ್ನೆಗಳು

ಪ್ರಶ್ನಾವಳಿ ಹಿಡಿದುಕೊಂಡು ಮೊದಲು ಕೂತದ್ದು ಸಂಪಗಾಂವದ ನಮ್ಮ ಮನೆಯ ಕಟ್ಟೆಯ ಮೇಲೆ, ಅವ್ವನ ಎದುರಿಗೆ. ನನ್ನ ಪಿಎಚ್.ಡಿ. ವಿಷಯ ಹೆಂಗಸರ ಮೂತ್ರ ಸೋರಿಕೆ. ಊರಲ್ಲಿ ಯಾರಾದರೂ ಕೇಳಿದರೆ ‘ಹೆಣ್ಣಮಕ್ಕಳ ಆರೋಗ್ಯ’ ಎಂದು ಹೇಳಿ ದಾಟಿಬಿಡುತ್ತೇನೆ. ನಾನೇ ನಾಚಿಕೊಂಡರೆ ಉಳಿದವರು ಬಾಯಿ ಬಿಡುವುದು ಹೇಗೆ?

ಕೈಯಲ್ಲಿದ್ದುದು ಕ್ವಿಡ್ ಎಂಬ ಆರು ಪ್ರಶ್ನೆಗಳ ಪಟ್ಟಿ. ಅಮೆರಿಕದಲ್ಲಿ ಸಿದ್ಧವಾಗಿ 2005ರಲ್ಲಿ ಪ್ರಕಟವಾದದ್ದು. ಕೆಮ್ಮಿದಾಗ, ಸೀನಿದಾಗ ಸೋರುತ್ತದೆಯೇ? ಬಗ್ಗಿದಾಗ, ಭಾರ ಎತ್ತಿದಾಗ? ಬಿರುಸಾಗಿ ನಡೆದಾಗ, ವ್ಯಾಯಾಮ ಮಾಡಿದಾಗ? ಈ ಮೂರು ಒಂದು ಬಗೆಯ ಸೋರಿಕೆಗೆ. ಮೂತ್ರಕೋಶಕ್ಕೆ ಕೆಳಗಿನಿಂದ ಆಸರೆಯಾದ ಸ್ನಾಯುಗಳು ಸಡಿಲಾದಾಗ, ಹೊಟ್ಟೆಗೆ ಒತ್ತಡ ಬಿದ್ದರೆ ಹೀಗಾಗುತ್ತದೆ. ಉಳಿದ ಮೂರು ಇನ್ನೊಂದು ಬಗೆಗೆ: ಒಮ್ಮೆಲೇ ಅವಸರವಾಗಿ, ಶೌಚಾಲಯ ಮುಟ್ಟುವುದರೊಳಗೆ ಆಗಿಬಿಡುವುದು. ಇಲ್ಲಿ ಮೂತ್ರಕೋಶವೇ ಹೇಳದೆ ಕೇಳದೆ ಹಿಂಡಿಕೊಳ್ಳುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 5 ಅಂಕ. ಮೂರು ಮೂರನ್ನು ಬೇರೆ ಬೇರೆ ಕೂಡಿಸಿದರೆ ಯಾವ ಬಗೆ, ಅಥವಾ ಎರಡೂ ಕೂಡಿವೆಯೇ ಎಂಬ ಅಂದಾಜು ಸಿಗುತ್ತದೆ. ಎರಡಕ್ಕೂ ಚಿಕಿತ್ಸೆ ಒಂದೇ ಅಲ್ಲ. ಅದಕ್ಕೇ ಈ ಅಂದಾಜು ಬೇಕು.

ಅವ್ವ ಆರಕ್ಕೂ ‘ಇಲ್ಲ’ ಎಂದಳು. ಆರು ಸೊನ್ನೆ ಬರೆದುಕೊಂಡೆ.

ಮರುದಿನ ಚಿಗವ್ವ ಬಂದಳು. ಹಾಳೆ ಇಸಿದುಕೊಂಡು ಓದಿ ನಕ್ಕಳು. “ಇದೇನವಾ, ಮೂತ್ರ ವಿಸರ್ಜನೆ ಅಂತ ಬರದೀ? ಕಾಲಮಡಿ ಅನ್ನು. ವ್ಯಾಯಾಮ ಯಾರು ಮಾಡ್ತಾರ ಇಲ್ಲಿ? ತುಂಬಿದ ಕೊಡ ಎತ್ತಿದಾಗ, ಮೇವಿನ ಹೊರಿ ಹೊತ್ತಾಗ ಅಂತ ಕೇಳು. ಮತ್ತ ಓಡಿ ಹೋಗಾಕ ಹೊಲದಾಗ ಪಾಯಖಾನಿ ಎಲ್ಲೈತಿ? ನಾವು ಕಳೆ ತಗ್ಯಾಕ ಹೋಗೂಮುಂದ ನೀರ ಕುಡಿಯೂದಿಲ್ಲ. ಕುಡದರ ಅಲ್ಲ ಸೋರೂದು?”

ಈ ಕೊನೆಯ ಮಾತಿಗೆ ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ನೀರು ಬಿಟ್ಟು ಗಳಿಸಿದ ಸೊನ್ನೆಯೂ, ಏನೂ ತೊಂದರೆ ಇಲ್ಲದ ಸೊನ್ನೆಯೂ ಹಾಳೆಯ ಮೇಲೆ ಒಂದೇ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಬಾಗಿಲಿಗೆ ಬಂದು ನಿಂತಳು. “ಕೊಡ ಎತ್ತಿದಾಗ ಅಂದ್ರ, ನನಗೂ ಆಗತೈತಿ.”

ಮೂರು ವರ್ಷದಿಂದ ಅವ್ವ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೋಗಿರಲಿಲ್ಲ. ಮೊಣಕಾಲು ನೋವು ಅಂತಿದ್ದಳು. ನಾನು ಮುಲಾಮು ತಂದುಕೊಟ್ಟಿದ್ದೆ. “ಬಸ್ಸಿನಾಗ ಸೀರಿ ಹಸಿ ಆದ್ರ ಎಲ್ಲಿ ಮಾರಿ ತೋರಸ್ಲಿ? ನಿನ್ನ ತಮ್ಮನ್ನ ಹಡದಾಗಿಂದ ಐತಿ. ಹಡದವರಿಗೆ ಇದು ಇರೂದ ಅಂತ ಬಿಟ್ಟೆ.” ತಮ್ಮನಿಗೆ ಈಗ 24.

ಚಿಗವ್ವನ ಮಾತುಗಳನ್ನು ಹಾಗೇ ಪಟ್ಟಿಗೆ ಸೇರಿಸಲು ಬರುವುದಿಲ್ಲ. ಅನುವಾದವನ್ನು ಮತ್ತೊಬ್ಬರು ಮೂಲಭಾಷೆಗೆ ತಿರುಗಿಸಿ ನೋಡಬೇಕು, ಹೆಂಗಸರಿಗೆ ಓದಿ ಹೇಳಿ ಏನು ತಿಳಿಯಿತೆಂದು ಕೇಳಬೇಕು, ಉತ್ತರಗಳನ್ನು ವೈದ್ಯರ ನಿರ್ಣಯದೊಂದಿಗೆ ತಾಳೆ ಹಾಕಬೇಕು. ಪಟ್ಟಿಯೊಂದೇ ರೋಗನಿರ್ಣಯವೂ ಅಲ್ಲ. ಮೂತ್ರದಲ್ಲಿ ಸೋಂಕಿದೆಯೇ, ಸಕ್ಕರೆ ಕಾಯಿಲೆ ಇದೆಯೇ ನೋಡಬೇಕು, ಕೆಮ್ಮಿಸಿ ಪರೀಕ್ಷಿಸಬೇಕು. ಆದರೆ ವೈದ್ಯರ ಬಾಗಿಲವರೆಗೆ ಒಬ್ಬಳನ್ನು ಕರೆದೊಯ್ಯುವುದು ಮೊದಲ ಪ್ರಶ್ನೆಯೇ. ಅದು ಅವಳ ಮಾತಿನಲ್ಲಿರಬೇಕು.

ಅವ್ವನನ್ನು ಬೈಲಹೊಂಗಲಕ್ಕೆ ಕರೆದುಕೊಂಡು ಹೋದೆ. ಕೆಮ್ಮಿದರೆ, ಭಾರ ಎತ್ತಿದರೆ ಆಗುವ ಬಗೆ ಎಂದರು ಡಾಕ್ಟರಮ್ಮ. 1948ರಲ್ಲಿ ಅರ್ನಾಲ್ಡ್ ಕೆಗೆಲ್ ಎಂಬ ವೈದ್ಯ ಬರೆದು ಪ್ರಚಾರಕ್ಕೆ ತಂದ ವ್ಯಾಯಾಮವನ್ನೇ ಕಲಿಸಿದರು: ಗಾಳಿ ಹೋಗದಂತೆ ತಡೆಹಿಡಿಯುವ ಹಾಗೆ ಕೆಳಗಿನ ಸ್ನಾಯು ಬಿಗಿಹಿಡಿದು, ಸಡಿಲು ಬಿಡುವುದು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಅವ್ವ ಈಗ ಎರಡನೆಯ ತಿಂಗಳಲ್ಲಿದ್ದಾಳೆ. “ಸ್ವಲ್ಪ ಕಡಿಮಿ” ಎನ್ನುತ್ತಾಳೆ, ಪೂರ್ತಿ ನಂಬದೆ.

ನನ್ನ ವಹಿಯ ಮೊದಲ ಪುಟದ ಆರು ಸೊನ್ನೆಗಳನ್ನು ಅಳಿಸಿಲ್ಲ. ಕೆಳಗೆ ತಾರೀಖು ಹಾಕಿ, ಅವ್ವ ಎರಡನೆಯ ಸಲ ಹೇಳಿದ್ದನ್ನು ಬರೆದಿದ್ದೇನೆ.