ಮುಚ್ಚಿದ ಬಾಗಿಲು

ಕಾಸರಗೋಡಿನ ನಮ್ಮ ಮನೆಯಲ್ಲಿ ಚಾವಡಿಯ ಪಕ್ಕದ ಕೋಣೆಯೇ 4 ವರ್ಷಗಳಿಂದ ನನ್ನ ಕಛೇರಿ. ಬೆಳಗ್ಗೆ ಮುಚ್ಚಿದ ಬಾಗಿಲನ್ನು ಸಂಜೆಯವರೆಗೆ ತೆರೆಯದಿರುವುದೇ ದಕ್ಷತೆಯೆಂದು ನಂಬಿದ್ದೆ. ಕನ್ನಡ ಮಾಧ್ಯಮದ 4ನೆಯ ತರಗತಿಯಲ್ಲಿರುವ ಮಗಳು ಪಾಠಪುಸ್ತಕ ಹಿಡಿದು ಬಂದಾಗಲೆಲ್ಲ, “ಆಮೇಲೆ ಬಾ ಮಗಳೇ” ಎನ್ನುತ್ತಿದ್ದೆ. ಕ್ರಮೇಣ ಅವಳು ಬರುವುದನ್ನೇ ನಿಲ್ಲಿಸಿದಳು. ಒಂದು ದಿನ ಅವಳ ನೋಟುಪುಸ್ತಕ ತೆರೆದರೆ, ಕನ್ನಡ ಪದಗಳ ಪಕ್ಕದಲ್ಲಿ ಅರ್ಥಗಳೆಲ್ಲ ಮಲಯಾಳದಲ್ಲಿದ್ದವು. ನೆರೆಮನೆಯ ಅಕ್ಕ ಹೇಳಿಕೊಟ್ಟದ್ದಂತೆ. ಮಲಯಾಳ ಕಲಿತದ್ದು ಸಂತೋಷವೇ. ಆದರೆ ಮನೆಯಲ್ಲಿದ್ದೂ ನಾನು ಅವಳಿಗೆ ಸಿಗಲಿಲ್ಲವೆಂಬುದು ಚುಚ್ಚಿತು.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಲಭ್ಯ ಕಲ್ಪಿಸುವಂತೆ ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಸೂಚಿಸುತ್ತದೆ. ಸಂಜೆಯ ಪ್ರಶ್ನೆಗೆ ಉತ್ತರಿಸುವ ಹೊಣೆ ಮಾತ್ರ ಹೆತ್ತವರಾದ ನಮ್ಮದು.

ಈಗ ಏಕಾಗ್ರತೆ ಬೇಡುವ ಕೆಲಸಗಳನ್ನು ಬೆಳಗ್ಗೆ 6ರಿಂದ 8ರೊಳಗೆ ಮುಗಿಸುತ್ತೇನೆ. ಸಹೋದ್ಯೋಗಿಗಳಿಗೂ ಕಾಣುವ ಕ್ಯಾಲೆಂಡರಿನಲ್ಲಿ 4.30ರಿಂದ 5ರವರೆಗೆ ‘ಮಗಳ ಪಾಠ’ ಎಂದು ಗುರುತಿಸಿದ್ದೇನೆ. ಆ ಹೊತ್ತು ಫೋನು ಅಡುಗೆಮನೆಯ ಕಪಾಟಿನಲ್ಲಿರುತ್ತದೆ. ಕೆಲಸವೇನೂ ಹಿಂದೆ ಬಿದ್ದಿಲ್ಲ.

ನಿನ್ನೆ ಅವಳು, “ಅಪ್ಪಾ, ಹೊಸ್ತಿಲು ಅಂದರೆ ಏನು?” ಎಂದು ಕೇಳಿದಳು. ಎದ್ದು ಹೋಗಿ, ಕಛೇರಿ ಕೋಣೆಯ ಬಾಗಿಲು ತೆರೆದು ತೋರಿಸಿದೆ.