ಹನ್ನೆರಡು ಮೈಕು, ಐವತ್ತರ ಕಾನೂನು

ಅಮೆರಿಕದ ಸಣ್ಣ ಊರಿನ ಹವ್ಯಾಸಿ ರಂಗಮಂದಿರವೊಂದರ ಸೌಂಡ್ ಕೋಣೆ. ಕಪಾಟಿನ ಕೆಳಖಾನೆಯಲ್ಲಿ ಒಂದು ಪೆಟ್ಟಿಗೆ ತುಂಬ ವೈರ್‌ಲೆಸ್ ಮೈಕುಗಳು. ಒಂದೂ ಕೆಟ್ಟಿಲ್ಲ. ಬ್ಯಾಟರಿ ಹಾಕಿದರೆ ಈಗಲೂ ಹಸಿರು ದೀಪ ಉರಿಯುತ್ತದೆ, ಮಾತಾಡಿದರೆ ಕೇಳಿಸುತ್ತದೆ. ಆದರೂ ಮೊದಲಿನಂತೆ ಬಳಸುವಂತಿಲ್ಲ. ಎಸೆಯಲು ಮನಸ್ಸಿಲ್ಲ, ಮಾರಲು ಗಿರಾಕಿ ಇಲ್ಲ. ಚೆನ್ನಾಗಿರುವ ವಸ್ತುವೊಂದು ಇದ್ದಲ್ಲೇ ಇದ್ದು ಕಾನೂನುಬಾಹಿರವಾಗುವುದು ಹೇಗೆ?

*

ಒಂದು ಬೆಲ್ಟ್ ಪ್ಯಾಕ್, ಅಂದರೆ ನಟರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮೈಕಿನ ಡಬ್ಬಿ, ಕೈಗೆ ತೆಗೆದುಕೊಂಡೆ. ಬೆನ್ನಿನ ಚೀಟಿಯಲ್ಲಿ 572ರಿಂದ 636 ಮೆಗಾಹರ್ಟ್ಸ್ ಎಂದಿದೆ. ಈ ಒಂದೇ ಡಬ್ಬಿಯೊಳಗೆ ಎಷ್ಟು ಸರಹದ್ದುಗಳು ನೋಡಿ. 572ರಿಂದ 608ರವರೆಗೆ, ಆ ಊರಿನ ಟಿವಿ ಕೇಂದ್ರ ಬಳಸದ ಜಾಗದಲ್ಲಿ, ಧಾರಾಳವಾಗಿ ಹಾಡಬಹುದು. 608ರಿಂದ 614 ಟಿವಿಯ 37ನೇ ಚಾನೆಲ್ಲು. ಅದು ರೇಡಿಯೋ ಖಗೋಳಶಾಸ್ತ್ರಜ್ಞರಿಗೂ ಆಸ್ಪತ್ರೆಗಳಲ್ಲಿ ರೋಗಿಯ ಎದೆಬಡಿತ ಕಳಿಸುವ ಯಂತ್ರಗಳಿಗೂ ಮೀಸಲು. ಅದರಾಚೆ 614ರಿಂದ 616ರವರೆಗೆ ಒಂದು ಸಣ್ಣ ಪಟ್ಟಿ. ಅಲ್ಲಿ ಮೆಲ್ಲಗೆ, 20 ಮಿಲಿವ್ಯಾಟ್ ಮೀರದಂತೆ ಮಾತಾಡಬಹುದು. 617 ದಾಟಿದರೆ ಮೊಬೈಲ್ ಕಂಪನಿಗಳ ಸ್ವತ್ತು. ಗುಂಡಿಯನ್ನು ಒಂದೆರಡು ಸಲ ಹೆಚ್ಚು ಒತ್ತಿದರೆ ಅಪರಾಧ. ಡಬ್ಬಿಗೆ ಇದಾವುದೂ ಗೊತ್ತಿಲ್ಲ, ಎಲ್ಲ ಕಡೆಯೂ ಒಂದೇ ಹಸಿರು ದೀಪ.

*

ಇತಿಹಾಸ ಕೆದಕಿದರೆ ಇನ್ನೂ ಸೋಜಿಗ. ಅಲ್ಲಿನ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ಮೊದಲಿಗೆ ಮೈಕಿನ ಪರವಾನಗಿ ಕೊಡುತ್ತಿದ್ದದ್ದು ಬಹುಮಟ್ಟಿಗೆ ಪ್ರಸಾರ ಸಂಸ್ಥೆಗಳಿಗೆ, ಸಿನಿಮಾದವರಿಗೆ. ನಾಟಕದವರು, ಚರ್ಚಿನವರು ಅಂಗಡಿಯಲ್ಲಿ ಕೊಂಡು ಸುಮ್ಮನೆ ಬಳಸುತ್ತಿದ್ದರು. ಯಾರೂ ಕೇಳಲಿಲ್ಲ. 2009ರ ಜೂನ್ 12ಕ್ಕೆ ಟಿವಿ ಕೇಂದ್ರಗಳು ಡಿಜಿಟಲ್‌ಗೆ ಬದಲಾದವು, 700ರ ಆಸುಪಾಸಿನ ಜಾಗ ಖಾಲಿಯಾಯಿತು, ಅದು ಫೋನುಗಳಿಗೆ ಬೇಕಾಯಿತು. 2010ರ ಜನವರಿಯಲ್ಲಿ ಬಂದ ಆದೇಶ ಎರಡು ಮಾತು ಹೇಳಿತು. ಒಂದು: ಇಷ್ಟು ವರ್ಷ ಪರವಾನಗಿ ಇಲ್ಲದೆ ಬಳಸುತ್ತಿದ್ದವರು ಇನ್ನು ಮುಂದೆ ಪರವಾನಗಿ ಇಲ್ಲದೆಯೇ ಬಳಸಬಹುದು. ಇನ್ನೊಂದು: 698ರಿಂದ 806ರವರೆಗಿನ ಜಾಗವನ್ನು ಜೂನ್ 12ರೊಳಗೆ ತೆರವು ಮಾಡಬೇಕು. ಅಕ್ರಮ ಸಕ್ರಮವೂ ಒಕ್ಕಲೆಬ್ಬಿಸುವಿಕೆಯೂ ಒಂದೇ ಕಾಗದದಲ್ಲಿ!

ತೆರವು ಮಾಡಿದವರು ಎಲ್ಲಿಗೆ ಹೋದರು? ಅನೇಕರು 600ಕ್ಕೆ. ಹೊಸ ಸೆಟ್ಟು ಕೊಂಡರು. 2017ರಲ್ಲಿ ಅದೂ ಹರಾಜಾಯಿತು. ಸುಮಾರು 1,980 ಕೋಟಿ ಡಾಲರಿನ ಆ ಹರಾಜಿನಲ್ಲಿ ಟಿ-ಮೊಬೈಲ್ ಒಂದೇ ಹತ್ತಿರಹತ್ತಿರ 800 ಕೋಟಿ ಸುರಿಯಿತು. 2020ರ ಜುಲೈ 13 ಕೊನೆಯ ಗಡುವು. ಕೊರೊನಾದಿಂದ ನಾಟಕದ ಮನೆಗಳೆಲ್ಲ ಬೀಗ ಹಾಕಿಕೊಂಡಿದ್ದ ಹೊತ್ತು. ಮತ್ತೆ ಬಾಗಿಲು ತೆರೆದು ಮೈಕು ಹಚ್ಚುವಷ್ಟರಲ್ಲಿ ಕಾನೂನು ಬದಲಾಗಿತ್ತು.

*

ಈ ಜಾಗದ ಮೇಲೆ ಎಲ್ಲರಿಗೂ ಯಾಕಿಷ್ಟು ಕಣ್ಣು? ಅಲೆ ಉದ್ದವಾದಷ್ಟೂ ಗೋಡೆ ದಾಟಿ, ಮೈ ಸುತ್ತಿ ಹೋಗುವುದು ಸುಲಭ. ನಟ ಬೆನ್ನು ತಿರುಗಿಸಿದರೂ ಮಾತು ಕಡಿಯಬಾರದು ಎಂಬುದು ನಾಟಕದವರ ಆಸೆ. ಮನೆಯ ಒಳಕೋಣೆಯಲ್ಲೂ ಫೋನ್ ಸಿಗಬೇಕು ಎಂಬುದು ಕಂಪನಿಯ ಆಸೆ. ಗುಣ ಒಂದೇ, ಹಣ ಇದ್ದವರು ಕೊಂಡರು. ಇದರಲ್ಲಿ ಮೋಸವೇನೂ ಕಾಣಲಿಲ್ಲ ನನಗೆ. ಹಳ್ಳಿಗಾಡಿನಲ್ಲಿ ಫೋನ್ ಸಿಗುವುದು ಸಂಗೀತ ನಾಟಕಕ್ಕಿಂತ ಕಡಿಮೆ ಕೆಲಸವಲ್ಲ.

ಆದರೆ ಈ ಹರಾಜಿಗಾಗಿ ಜಾಗ ಬದಲಿಸಿದ ಟಿವಿ ಕೇಂದ್ರಗಳ ಖರ್ಚಿಗೆ ಸಂಸತ್ತು ಮೊದಲು 175 ಕೋಟಿ ಡಾಲರ್ ಎತ್ತಿಟ್ಟಿತು. ಮೈಕಿನವರಿಗೆ ಸರ್ಕಾರದ ಬಿಡಿಗಾಸೂ ಇಲ್ಲ. ಶೂರ್, ಸೆನ್‌ಹೈಸರ್ ಕಂಪನಿಗಳು ಹಳೆಯದು ಕೊಟ್ಟು ಹೊಸದು ಕೊಂಡರೆ ರಿಯಾಯಿತಿ ಎಂದವು. ಬ್ರಿಟನ್ನಿನಲ್ಲಿ ಇಂಥದೇ ತೆರವು ನಡೆದಾಗ ಹೊಸ ಸಲಕರಣೆಯ ಖರ್ಚಿನಲ್ಲಿ ಒಂದು ಪಾಲನ್ನಾದರೂ ಸಾರ್ವಜನಿಕ ಹಣದಿಂದ ಕೊಟ್ಟರು. ಅಮೆರಿಕದಲ್ಲಿ ಮಾತ್ರ ಹರಾಜಿನ ಲೆಕ್ಕದಲ್ಲಿ ನಾಟಕದವರ ಕಲಮೇ ಇಲ್ಲ.

*

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಐವತ್ತರ ನಿಯಮ. 2014ರಲ್ಲಿ ಆಯೋಗ ಪರವಾನಗಿಯ ಬಾಗಿಲನ್ನು ಅಗಲ ಮಾಡಿತು: ವಾಡಿಕೆಯಾಗಿ 50 ಅಥವಾ ಹೆಚ್ಚು ಮೈಕು ಬಳಸುವ ರಂಗಮಂದಿರಗಳೂ ಸೌಂಡ್ ಕಂಪನಿಗಳೂ ಒಳಗೆ ಬರಬಹುದು. ಅವರಿಗೆ 250 ಮಿಲಿವ್ಯಾಟ್ ತನಕ ಶಕ್ತಿ, ಅಡಚಣೆಯಿಂದ ಒಂದಿಷ್ಟು ರಕ್ಷಣೆ. ಉಳಿದವರಿಗೆ 50 ಮಿಲಿವ್ಯಾಟ್, ರಕ್ಷಣೆ ಇಲ್ಲ. ಬಸ್ಸಿನಲ್ಲಿ ಸೀಟು ಕಾದಿರಿಸದೆ ಹತ್ತಿದವರ ಪಾಡು: ಕೂತಿರಬಹುದು, ಚೀಟಿ ಇದ್ದವರು ಬಂದರೆ ಏಳಬೇಕು.

ನಾನು ನೋಡಿದ ಮಂದಿರದಲ್ಲಿ ಇರುವುದು ಹನ್ನೆರಡು ಮೈಕು. ಐವತ್ತು ಮೈಕಿಗೆ ಜಾಗ ಹೊಂದಿಸಲು ಕೈತುಂಬ ಸಂಬಳದ ತಂತ್ರಜ್ಞರಿರುತ್ತಾರೆ. ಹನ್ನೆರಡು ಇರುವಲ್ಲಿ ಹಗಲು ಬ್ಯಾಂಕಿನಲ್ಲಿ ದುಡಿದು ಸಂಜೆ ಬರುವ ಸ್ವಯಂಸೇವಕ. ರಕ್ಷಣೆ ಬೇಕಾದದ್ದು ಯಾರಿಗೆ ಅಂತೀರಿ?

*

ಜಾಗ ಕಿರಿದಾದರೆ ಹತ್ತಿರಹತ್ತಿರ ಕೂರಿಸಿದರಾಯಿತಲ್ಲ ಎಂದುಕೊಂಡಿದ್ದೆ. ಆಗುವುದಿಲ್ಲ. 520.0 ಮತ್ತು 520.4ರಲ್ಲಿ ಎರಡು ಪ್ಯಾಕುಗಳು ಪಕ್ಕಪಕ್ಕ ಇದ್ದರೆ ಅವೆರಡೂ ಸೇರಿ 520.8ರಲ್ಲೊಂದು, 519.6ರಲ್ಲೊಂದು ದೆವ್ವ ಹುಟ್ಟಿಸುತ್ತವೆ. ಮೂರನೆಯ ನಟನ ಮೈಕು 520.8ರಲ್ಲಿದ್ದರೆ ಅವನ ಮಾತಿಗೆ ಕೊರಕೊರ. ಸಮ ಅಂತರದಲ್ಲಿ ಶಿಸ್ತಾಗಿ ಜೋಡಿಸಿದಷ್ಟೂ ಕಾಟ ಹೆಚ್ಚು. ಅಡ್ಡಾದಿಡ್ಡಿ ಲೆಕ್ಕ ಹಾಕಿ ಇಡಬೇಕು. ಈ ಕಾಟ ಪ್ರಣಯದ ದೃಶ್ಯದಲ್ಲೇ ಜಾಸ್ತಿ, ಯಾಕೆಂದರೆ ಪ್ಯಾಕುಗಳು ಹತ್ತಿರ ಬರುವುದು ಅಲ್ಲೇ.

2.4 ಗಿಗಾಹರ್ಟ್ಸ್‌ನ ಮೈಕು ಕೊಂಡರೆ ಈ ಕಾನೂನಿನ ಗೋಜೇ ಇಲ್ಲ, ಪ್ರಪಂಚದಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ನಡೆಯುತ್ತದೆ. ತಾಲೀಮಿನಲ್ಲಿ ಸೊಗಸಾಗಿ ಕೇಳಿಸುತ್ತದೆ. ಮೊದಲ ಪ್ರದರ್ಶನದ ದಿನ ಪ್ರೇಕ್ಷಕರು ಜೇಬಿನಲ್ಲಿ ವೈಫೈ, ಬ್ಲೂಟೂತ್ ಹೊತ್ತು ಬಂದು ಕೂತರೆಂದರೆ ಗ್ರಹಚಾರ ಶುರು. ಸಭಾಂಗಣ ತುಂಬಿದಷ್ಟೂ ಮಾತು ಕಡಿಯುತ್ತದೆ.

ಇನ್ನೊಂದು ಗುಟ್ಟು ಬರೆದಿಡುತ್ತೇನೆ: ಬೆವರು ಇಳಿಯದಂತೆ ಪ್ಯಾಕುಗಳಿಗೆ ನಿರೋಧ್ ತೊಡಿಸುತ್ತಾರೆ. ಮಕ್ಕಳ ನಾಟಕದ ಖರ್ಚಿನ ಪಟ್ಟಿಯಲ್ಲಿ ಅದನ್ನು ಏನೆಂದು ಬರೆಯುತ್ತಾರೋ ಕೇಳಲಿಲ್ಲ.

*

ಇದೇ ಮಂದಿರವನ್ನು ರಾಜ್ಯೋತ್ಸವಕ್ಕೆ ಅಲ್ಲಿನ ಕನ್ನಡ ಸಂಘದವರು ಬಾಡಿಗೆಗೆ ಹಿಡಿದಿದ್ದಾರೆ. ಸಂಘದ ಹಿರಿಯರೊಬ್ಬರದು ಒಂದೇ ವಾದ: "ಕಂಪನಿ ನಾಟಕದವರು ಕೊನೇ ಬೆಂಚಿಗೂ ಗಂಟಲಲ್ಲೇ ಮುಟ್ಟಿಸ್ತಿದ್ರು ಕಣಪ್ಪ, ನಿಮಗ್ಯಾಕೆ ಈ ಗೋಳು?" ಸೌಂಡ್ ನೋಡಿಕೊಳ್ಳುವ ಹುಡುಗ ಮೆಲ್ಲಗೆ, "ಅಂಕಲ್, ಅಲ್ಲಿ ಹಾರ್ಮೋನಿಯಂ ಇತ್ತು, ನಮ್ಮದು ರೆಕಾರ್ಡೆಡ್ ಟ್ರ್ಯಾಕು. ಸೌಂಡ್ ಕಮ್ಮಿ ಮಾಡಿದ್ರೆ ಕುಣಿಯೋರಿಗೇ ಕೇಳಲ್ಲ" ಎಂದ. ಮೇಲಿನಿಂದ ಮೈಕು ಇಳಿಬಿಡುವ ಸಲಹೆಯೂ ಬಂತು. ಹಾಗೆ ಮಾಡಿದ ವರ್ಷ ರಾಜ, ಮಂತ್ರಿ, ಸೇವಕ ಎಲ್ಲರೂ ಒಂದೇ ಮೈಕಿನ ಕೆಳಗೆ ಗುಂಪುಗಟ್ಟಿ ನಿಂತು ಯುದ್ಧ ಮಾಡಿದರಂತೆ.

ಸ್ಕ್ಯಾನ್ ಮಾಡಿ ನೋಡಿದಾಗ ನಂಬಬಹುದಾದ ಜಾಗ ಸಿಕ್ಕಿದ್ದು ಏಳು ಮೈಕಿಗೆ, ಪಾತ್ರಗಳು ಹದಿನಾಲ್ಕು. ರಾಜನಿಗೆ ದನಿ ದೊಡ್ಡದು ಎಂದು ನಿರ್ದೇಶಕರು ಅವನ ಮೈಕನ್ನು ವಿದೂಷಕನಿಗೆ ಕೊಟ್ಟರು. ರಾಜ ಎರಡು ತಾಲೀಮಿಗೆ ಬಂದಿಲ್ಲ.